ಒಂಬತ್ತನೆಯ ದಿನ

ಅಜ್ಜ, ಆ ದಿನ ನಿನ್ನ ಪೆಟ್ಟಿಗೆ
ಅಮ್ಮತ್ತಿ ರಸ್ತೆಯ ತಿರುವಿನಲ್ಲಿ ಮುಕ್ಕಾಲು ಗಂಟೆ ನಿಂತಿತು.
ಮುಂದೆ ಆನೆ. ಮರಿ ಸೇರಿ ಐದು.
ಅರಣ್ಯ ಇಲಾಖೆಯ ಜೀಪಿನವನು ಕೈ ಅಡ್ಡ ಹಿಡಿದ,
ಸಭೆಪಾಲಕರು ಹಾಡನ್ನು ಎರಡನೇ ಚರಣದಲ್ಲೇ ಬಿಟ್ಟರು.
ಹೊತ್ತವರ ಹೆಗಲು ಸೋತು
ಗೋಣಿಚೀಲ ಹಾಸಿ ನಿನ್ನನ್ನು ಇಳಿಸಿದೆವು
ಕಾಫಿ ಗಿಡಗಳ ಅಂಚಿಗೆ,
ಎಷ್ಟೋ ಸಲ ನೀನೇ ಹತ್ತಿ ಇಳಿದ ಹಾಲುವಾಣದ ಬುಡಕ್ಕೆ.

ಹಂಸಾಕ ಕೆಟ್ಲಿನಲ್ಲಿ ಚಹಾ ತಂದ.
ಕಾಸು ಕೇಳಲಿಲ್ಲ, ಕಣ್ಣೂ ಒರೆಸಲಿಲ್ಲ.
"ಯೋತಾಮಣ್ಣನಿಗೆ ಯಾವತ್ತು ಅವಸರ ಇತ್ತು?" ಅಂದ.
ಅತ್ತೆ ಸೆರಗಿನೊಳಗೇ ನಕ್ಕಳು.
ಆನೆ ಕಂಡಾಗೆಲ್ಲ ನೀನು ಬೀಡಿ ಆರಿಸಿ ಹೇಳುತ್ತಿದ್ದೆ:
ದಾಟಲಿ ಬಿಡಿ, ಅವಕ್ಕೂ ಮನೆ ಉಂಟು.
ನಿನಗೂ ಉಂಟಲ್ಲ ಅಜ್ಜ,
ಅದಕ್ಕೇ ಇರಬೇಕು, ನಿನ್ನ ಮುಖದಲ್ಲಿ
ದಾರಿ ತಡವಾದವನ ಸಿಡುಕು ಇರಲಿಲ್ಲ.

ಐವತ್ತು ವರ್ಷ ನಿನ್ನ ಕೆಲಸ ಒಂದೇ, ಮರಗಸಿ.
ಒಂಟಿ ಬಿದಿರಿನ ಏಣಿ, ಎದೆಗೆ ಹಗ್ಗ, ಬೆನ್ನಿಗೆ ಕತ್ತಿ.
ಮಳೆಗಾಲಕ್ಕೆ ಮುಂಚೆ ಏರಿ, ಕೊಂಬೆ ಇಳಿಸಿ
ಯಾವ ಗಿಡಕ್ಕೆ ಎಷ್ಟು ಬಿಸಿಲು, ಎಷ್ಟು ನೆರಳು
ಅಳೆದು ಕೊಡುವುದು.
ತೋಟದ ಪುಸ್ತಕದಲ್ಲಿ ನಿನ್ನ ಹೆಸರಿನ ಮುಂದೆ 'ಆಳು'.
ನೀನು ನನಗೆ ಹೇಳಿದ್ದು ಬೇರೆ:
"ಬೆಳಕು ಮೇಲಿನವನದು ಮಗಾ,
ಅಡ್ಡ ಬಂದ ಕೊಂಬೆ ಮಾತ್ರ ನನ್ನ ಪಾಲಿಗೆ."

ಅಜ್ಜಿ ಲೋವಿಸಮ್ಮ ಹೋದ ವರ್ಷ
ಮೂರು ಭಾನುವಾರ ನೀನು ದೇವಾಲಯದ ಹೊರಗೇ ಕೂತೆ,
ಮೋಟುಗೋಡೆಯ ಮೇಲೆ, ಬಾಗಿಲಿಗೆ ಬೆನ್ನು ಮಾಡಿ.
ಯಾರು ಕರೆದರೂ ಏಳಲಿಲ್ಲ.
ನಾಲ್ಕನೆಯ ಭಾನುವಾರ ಚಪ್ಪಲಿ ಬಿಟ್ಟು ಒಳಗೆ ಬಂದು
ನನ್ನ ಪಕ್ಕ ಕೂತು ಪಿಸುಗುಟ್ಟಿದೆ:
"ಜಗಳ ಮುಗಿಯಲಿಲ್ಲ.
ಹೊರಗೆ ನಿಂತು ಎಷ್ಟೂಂತ ಕೂಗುವುದು,
ಎದುರಿಗೇ ಕೂತು ಆಡುವಾ ಅಂತ."
ಆಮೇಲೆ ಒಂದು ವಾರವೂ ತಪ್ಪಿಸಲಿಲ್ಲ.
ನನ್ನ ನಂಬಿಕೆಗೆ ಬೇರು ಬಿಟ್ಟದ್ದು
ಯಾವ ಪ್ರಸಂಗದಲ್ಲೂ ಅಲ್ಲ, ಆ ಪಿಸುಮಾತಿನಲ್ಲಿ.

ಊರೆಲ್ಲ ಭರವಸೆ ಎನ್ನುವುದಕ್ಕೆ
ನಮ್ಮ ಸಭೆಯಲ್ಲಿ ನಿರೀಕ್ಷೆ ಎನ್ನುತ್ತಾರೆ.
ಬಸ್ಸಿಗೆ ಕಾಯುವುದಕ್ಕೂ ಅದೇ ಮಾತು, ಮೋಕ್ಷಕ್ಕೂ ಅದೇ.
ಚಿಕ್ಕವಳಿದ್ದಾಗ ಗೊಂದಲವಾಗಿ ಕೇಳಿದ್ದೆ.
ನೀನು ಒಣಗಿದ ಕಾಫಿ ಮೊಗ್ಗು ತೋರಿಸಿದೆ,
ಅಕ್ಕಿಕಾಳಿನಷ್ಟು, ಸತ್ತಂತೆ ಇತ್ತು.
"ಹೂಮಳೆ ಬಿದ್ದ ಒಂಬತ್ತನೆಯ ದಿನ ಬಂದು ನೋಡು.
ಕರ್ತನಿಗೆ ಮೂರು ದಿನ ಸಾಕಾಯಿತು,
ಕಾಫಿಗೆ ಒಂಬತ್ತು ಬೇಕು,
ನನಗೆ ಎಷ್ಟು ಬೇಕೋ, ಲೆಕ್ಕ ಅವನೇ ಇಡಲಿ."

ಆನೆ ದಾಟಿದವು. ನಿನ್ನನ್ನು ಎತ್ತಿದೆವು.
ಬಿಟ್ಟಲ್ಲಿಂದಲೇ ಹಾಡು, ಎರಡನೇ ಚರಣ.
ಒಂದೊಂದು ಹಿಡಿ ಮಣ್ಣು.
ಆ ರಾತ್ರಿಯೇ ಮಳೆ.
ಹೊಸ ಮಣ್ಣು ತಗ್ಗೀತೆಂದು ಚಿಕ್ಕಪ್ಪ
ಟಾರ್ಚು ಹಿಡಿದು ಸಮಾಧಿಗೆ ಓಡಿದ,
ತೊಯ್ದು ಬಂದು ಮೂಲೆಯಲ್ಲಿ ಮಗುವಿನಂತೆ ಅತ್ತ.
ನಾನು ಬೆರಳು ಮಡಚಿ ಎಣಿಸತೊಡಗಿದೆ.

ಒಂಬತ್ತನೆಯ ಬೆಳಿಗ್ಗೆ
ಕಿಟಕಿ ತೆರೆಯುವ ಮೊದಲೇ ವಾಸನೆ ಒಳಗೆ ಬಂದಿತ್ತು.
ಗುಡ್ಡ ಇಳಿದು ಹೊಳೆಯವರೆಗೂ ಬಿಳಿ,
ಜೇನಿನ ಗುಂಯ್ ಎನ್ನುವ ಸದ್ದು.
ನೀನು ಎದ್ದೆ ಎಂದು ನಾನು ಹೇಳುತ್ತಿಲ್ಲ.
ಹೂವು ಎರಡು ದಿನಕ್ಕೆ ಕಂದುತ್ತದೆ, ನನಗೆ ಗೊತ್ತು.
ಸಂಜೆ ನಿನ್ನ ತಟ್ಟೆ ಕಂಡು ಗಂಟಲು ಕಟ್ಟುತ್ತದೆ.
ಆದರೂ ಮಾತು ಕೊಟ್ಟವನು
ಮೊಗ್ಗಿನ ಮಟ್ಟಿಗೆ ಮಾತು ಉಳಿಸಿಕೊಂಡಿದ್ದಾನೆ.
ಉಳಿದದ್ದಕ್ಕೆ ಕಾಯಬಲ್ಲೆ.

ನಿನ್ನ ಏಣಿ ಇನ್ನೂ ಹಾಲುವಾಣಕ್ಕೆ ಒರಗಿಯೇ ಇದೆ.
ಗೆದ್ದಲು ಹತ್ತೀತು, ಒಳಗೆ ತಾ ಎನ್ನುತ್ತಾನೆ ಚಿಕ್ಕಪ್ಪ.
ಇವತ್ತು ಮೊದಲ ಗೆಣ್ಣಿಗೆ ಕಾಲಿಟ್ಟು ತಲೆ ಎತ್ತಿದೆ.
ಎಲೆಗಳ ನಡುವೆ
ಹೋದ ವರ್ಷ ನೀನು ತೆರೆದ ಕಿಂಡಿ,
ಅಳತೆಯಷ್ಟೇ ಬಿಸಿಲು.